ಏಷ್ಯದವರ ಇಂಗ್ಲಿಷು: ಉಚ್ಚಾರದಿಂದ ಊರನ್ನರಿಯುವ ಬಗೆ

ಇಂಗ್ಲಿಷು ಭಾಷೆಯು ಇಂಗ್ಲೆಂಡಿನವರೊಬ್ಬರ ಸೊತ್ತಾಗಿದ್ದ ಕಾಲವು ಎಂದೋ ಕಳೆದುಹೋಯಿತು. ಈಗ ಆ ಭಾಷೆಯನ್ನಾಡುವವರಲ್ಲಿ ಅದನ್ನು ತಾಯಿಯ ಮಡಿಲಲ್ಲಿ ಕಲಿತವರಿಗಿಂತ ಉಪಾಧ್ಯಾಯರಿಂದಲೂ ಪುಸ್ತಕಗಳಿಂದಲೂ ಕಲಿತವರ ಸಂಖ್ಯೆಯೇ ಹೆಚ್ಚಾಗಿದೆ. ಅಂತಹವರಲ್ಲಿ ನಾವೂ ಸೇರಿದವರಷ್ಟೆ. ನಮ್ಮಂತೆಯೇ ಜಪಾನೀಯರು, ಕೊರಿಯದವರು, ಚೀನೀಯರು, ಥಾಯಿ ಜನರು, ಅರಬ್ಬರು ಮೊದಲಾದ ಏಷ್ಯಾಖಂಡದ ನಾನಾ ಜನಾಂಗಗಳವರು ಆ ಭಾಷೆಯನ್ನು ಕಲಿತು, ತಂತಮ್ಮ ನಾಲಗೆಗೆ ಒಗ್ಗಿಸಿಕೊಂಡು, ಅದರಲ್ಲಿಯೇ ಲೋಕವ್ಯವಹಾರವನ್ನು ನಡೆಸುತ್ತಿದ್ದಾರೆ.

ಇದರಿಂದ ಗೃಹಸ್ಥರಿಗೆ ಏನಾಗಬೇಕು ಎಂದು ಯಾರಾದರೂ ಕೇಳಬಹುದು. ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಇಂದು ದುಬಾಯಿಯಲ್ಲಿ, ಸಿಂಗಪುರದಲ್ಲಿ, ಟೋಕಿಯೋದಲ್ಲಿ, ಅಮೆರಿಕದಲ್ಲಿ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳ ಮುಖವನ್ನು ನೋಡಬೇಕೆಂದೋ ತಾಯಿತಂದೆಗಳು ಅಲ್ಲಿಗೆ ಹೋಗಿ ಕೆಲವು ತಿಂಗಳಿರುವುದುಂಟು. ಮಗಳೂ ಅಳಿಯನೂ ಕೆಲಸಕ್ಕೆ ಹೊರಟ ಮೇಲೆ, ಮನೆಯಲ್ಲುಳಿದ ಹಿರಿಯರು ಹೊರಗಿನವರೊಡನೆ ಆಡಬೇಕಾದುದು ಇಂಗ್ಲಿಷೇ. ಆಸ್ಪತ್ರೆಯ ದಾದಿಯು ಫಿಲಿಪೀನ್ಸಿನವಳಾಗಿರಬಹುದು, ವೈದ್ಯನು ಚೀನದವನು, ಔಷಧದಂಗಡಿಯವನು ವಿಯೆಟ್ನಾಮಿನವನು, ನೆರೆಮನೆಯಾಕೆ ಕೊರಿಯದವಳು. ಅವರಾಡುವುದೂ ಇಂಗ್ಲಿಷು, ನಾವು ಕಲಿತುದೂ ಇಂಗ್ಲಿಷು. ಆದರೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ನಿಲ್ಲುವ ಸಂದರ್ಭಗಳು ಬರುತ್ತವೆ. ಮದ್ದು ‘ಫಿಫ್ಟೀನ್’ ಹನಿಯೋ ‘ಫಿಫ್ಟಿ’ ಹನಿಯೋ ಎಂಬುದು ಕಿವಿಗೆ ಸ್ಪಷ್ಟವಾಗದೆ ಹೋದರೆ, ಅದು ನಗೆಯ ಮಾತಾಗಿ ಉಳಿಯುವುದಿಲ್ಲ.

ಈ ವಿಷಯದಲ್ಲಿ ಮೊದಲು ತಿಳಿಯತಕ್ಕದ್ದು ಇಷ್ಟು: ಉಚ್ಚಾರದ ಭೇದವು ಮನಸ್ಸು ಬಂದಂತೆ ಆಗುವುದಲ್ಲ, ಅದಕ್ಕೆ ನಿಯಮವುಂಟು. ಆ ನಿಯಮವು ಆಡುವವನ ತಾಯ್ನುಡಿಯಲ್ಲಿದೆ. ಅದನ್ನು ಬಲ್ಲವನಿಗೆ ಎರಡು ಪ್ರಯೋಜನಗಳುಂಟು. ಆಡುವವನ ನಾಡು ಯಾವುದಿರಬಹುದೆಂದು ಊಹಿಸುವುದು ಒಂದು. ಅವನು ಆಡಹೊರಟ ಮಾತು ಯಾವುದೆಂದು ತಿಳಿಯುವುದು ಇನ್ನೊಂದು. ಮೊದಲನೆಯದು ಕುತೂಹಲವನ್ನು ತಣಿಸುತ್ತದೆ. ಸಂಸಾರಕ್ಕೆ ಬೇಕಾದುದು ಎರಡನೆಯದು.

ನಮ್ಮ ಹಿರಿಯರು ಉಚ್ಚಾರವನ್ನೇ ಒಂದು ಶಾಸ್ತ್ರವಾಗಿ ಮಾಡಿ, ಅದಕ್ಕೆ ಶಿಕ್ಷಾ ಎಂದು ಹೆಸರಿಟ್ಟು, ಆರು ವೇದಾಂಗಗಳಲ್ಲಿ ಒಂದಾಗಿ ಎಣಿಸಿದರು. ತೈತ್ತಿರೀಯೋಪನಿಷತ್ತಿನಲ್ಲಿ ಆ ಶಾಸ್ತ್ರದ ವಿಷಯಗಳು ಆರೆಂದು ಹೇಳಿದೆ. ಅಕ್ಷರಗಳ ಸ್ವರೂಪವು ವರ್ಣವೆಂದೂ, ಧ್ವನಿಯ ಏರಿಳಿತವು ಸ್ವರವೆಂದೂ, ಹ್ರಸ್ವದೀರ್ಘಗಳ ಕಾಲವು ಮಾತ್ರೆಯೆಂದೂ, ಉಚ್ಚರಿಸುವ ಪ್ರಯತ್ನವು ಬಲವೆಂದೂ, ನಡೆಯ ಸಮತೆಯು ಸಾಮವೆಂದೂ, ಅಕ್ಷರಕ್ಕೆ ಅಕ್ಷರವು ಕೂಡುವ ಸಂಧಿಯು ಸಂತಾನವೆಂದೂ ಹೆಸರಾಗಿವೆ. ವೇದಪಾಠಕ್ಕಾಗಿ ಹುಟ್ಟಿದ ಈ ಅಳತೆಗೋಲುಗಳಿಂದ ಇಂದು ಏಷ್ಯದವರ ಇಂಗ್ಲಿಷನ್ನೂ ಅಳೆಯಬಹುದು. ಅಳೆದು ನೋಡೋಣ.

ಮೊದಲು ವರ್ಣ. ಒಂದು ಭಾಷೆಯಲ್ಲಿರುವ ಅಕ್ಷರವು ಇನ್ನೊಂದರಲ್ಲಿ ಇಲ್ಲದಿರುವುದು ಸಹಜ. ಇಲ್ಲದ ಅಕ್ಷರವನ್ನು ಆಡಬೇಕಾಗಿ ಬಂದಾಗ ನಾಲಗೆಯು ತನ್ನಲ್ಲಿರುವ ಅಕ್ಷರಗಳಲ್ಲಿ ಅದಕ್ಕೆ ಅತ್ಯಂತ ಸಮೀಪವಾದುದನ್ನು ಆರಿಸಿಕೊಳ್ಳುತ್ತದೆ. ಜಪಾನೀ ಭಾಷೆಯಲ್ಲಿ ರಕಾರ ಲಕಾರಗಳು ಎರಡಾಗಿ ಇಲ್ಲ. ಎರಡರ ನಡುವೆ ನಿಲ್ಲುವ, ನಾಲಗೆಯ ತುದಿಯಿಂದ ಒಮ್ಮೆ ತಟ್ಟಿ ಬಿಡುವ ಒಂದೇ ಅಕ್ಷರವಿದೆ. ಆದುದರಿಂದ ಅವರ ಬಾಯಲ್ಲಿ ‘ರೈಟ್’ ‘ಲೈಟ್’ ಎರಡೂ ಒಂದೇ ಆಗುತ್ತವೆ. ರಲಗಳಿಗೆ ಭೇದವಿಲ್ಲ, ಬವಗಳಿಗೆ ಭೇದವಿಲ್ಲ ಎಂದು ನಮ್ಮ ಆಲಂಕಾರಿಕರು ಶ್ಲೇಷ ಯಮಕಗಳಲ್ಲಿ ಒಪ್ಪಿಕೊಂಡಿದ್ದುದು ಸಂಸ್ಕೃತವನ್ನೋದಿದವರಿಗೆ ನೆನಪಿರಬಹುದು. ಜಪಾನೀಯರ ಇಂಗ್ಲಿಷಿನಲ್ಲಿ ಎರಡನೆಯ ಅಭೇದವೂ ಕಾಣುತ್ತದೆ. ‘ವಿಡಿಯೊ’ ಎಂಬುದು ಅವರಿಗೆ ‘ಬಿದೆಒ’. ‘ಸಿ’ ಎಂಬುದು ‘ಶಿ’ ಆಗುತ್ತದೆ. ‘ಥ್ಯಾಂಕ್ಯೂ’ ಎಂಬುದು ‘ಸಾಂಕ್ಯೂ’ ಆಗುತ್ತದೆ. ಆಹಾರವೆಂಬರ್ಥದ ‘ಫುಡ್’, ತಲೆಮುಸುಕೆಂಬರ್ಥದ ‘ಹುಡ್’ ಎರಡನ್ನೂ ಅವರು ತಮ್ಮ ಲಿಪಿಯಲ್ಲಿ ಒಂದೇ ಬಗೆಯಾಗಿ ಬರೆಯುತ್ತಾರೆ.

ಕೊರಿಯದವರಲ್ಲಿ ಇಂಗ್ಲಿಷಿನ ‘ಎಫ್’ ಎಂಬ ಅಕ್ಷರದ ಧ್ವನಿಯಿಲ್ಲ. ಕೆಳದುಟಿಯನ್ನು ಮೇಲಿನ ಹಲ್ಲಿಗೆ ತಗಲಿಸಿ ಊದುವ ಆ ಧ್ವನಿಗೆ ಬದಲಾಗಿ ಅವರು ತುಟಿಗಳೆರಡನ್ನೂ ಮುಚ್ಚಿ ತೆರೆದು ಮಹಾಪ್ರಾಣವನ್ನು ನುಡಿಯುತ್ತಾರೆ. ‘ಫಲ’ ಎಂಬ ಸಂಸ್ಕೃತ ಶಬ್ದದಲ್ಲಿ ನಮ್ಮ ವೈದಿಕರು ನುಡಿಯುವ ಶುದ್ಧ ಫಕಾರವೇ ಅದು. ಕೊರಿಯದ ಕಥಾಚಿತ್ರಗಳನ್ನು ನೋಡುವ ನಮ್ಮ ಮನೆಗಳ ಹುಡುಗಿಯರು, ಒಬ್ಬರನ್ನೊಬ್ಬರು ಹುರಿದುಂಬಿಸಲು ಅವರು ಕೂಗುವ ‘ಫೈಟಿಂಗ್’ ಎಂಬ ಮಾತನ್ನು ಕೇಳಿಯೇ ಇರುತ್ತಾರೆ. ಅದರ ಮೊದಲಕ್ಷರವನ್ನು ಇನ್ನೊಮ್ಮೆ ಗಮನವಿಟ್ಟು ಕೇಳಬೇಕು. ‘ಜ಼ಡ್’ ಎಂಬ ಅಕ್ಷರದ ಧ್ವನಿಯೂ ಅವರಲ್ಲಿಲ್ಲ. ‘ಜ಼ೀರೋ’ ಎಂಬುದು ನಮ್ಮ ಹಳ್ಳಿಗಳಲ್ಲಾಗುವಂತೆ ಶುದ್ಧ ಜಕಾರದಿಂದ ‘ಜೀರೊ’ ಆಗುತ್ತದೆ.

ಫಿಲಿಪೀನ್ಸಿನವರ ಮಾತಿನಲ್ಲಿ ‘ಎಫ್’ ಎಂಬುದು ಅಲ್ಪಪ್ರಾಣದ ಪಕಾರವಾಗುವುದೂ, ವಕಾರವು ಬಕಾರವಾಗುವುದೂ ಉಂಟು. ಅವರ ರಾಷ್ಟ್ರಭಾಷೆಯ ಹೆಸರೇ ೧೯೫೯ರಲ್ಲಿ ‘ಪಿಲಿಪಿನೊ’ ಎಂದಿದ್ದು ೧೯೮೭ರ ರಾಜ್ಯಾಂಗದಲ್ಲಿ ‘ಫಿಲಿಪಿನೊ’ ಎಂದಾಯಿತು. ಆದರೆ ಅವರ ಇಂಗ್ಲಿಷಿಗೆ ಇನ್ನೊಂದು ಗುರುತುಂಟು. ೧೮೯೮ರಲ್ಲಿ ಸ್ಪೇನಿನ ಕೈಯಿಂದ ಆ ದ್ವೀಪಗಳು ಅಮೆರಿಕದ ಕೈಗೆ ಬಂದವು. ೧೯೦೧ರಲ್ಲಿ ‘ಥಾಮಸ್’ ಎಂಬ ಹಡಗಿನಲ್ಲಿ ಸುಮಾರು ೫೦೦ ಮಂದಿ ಅಮೆರಿಕದ ಉಪಾಧ್ಯಾಯರು ಅಲ್ಲಿಗೆ ಬಂದಿಳಿದು ಶಾಲೆಗಳನ್ನು ನಡೆಸಿದರು. ಆದುದರಿಂದ ಅವರ ಇಂಗ್ಲಿಷು ಲಂಡನಿನ ಧಾಟಿಯದಲ್ಲ, ಅಮೆರಿಕದ ಧಾಟಿಯದು. ‘ಕಾರ್’, ‘ವಾಟರ್’ ಮೊದಲಾದ ಶಬ್ದಗಳ ಕೊನೆಯ ರಕಾರವನ್ನು ಅವರು ನುಂಗುವುದಿಲ್ಲ. ಶಿಷ್ಯರ ಮೊಮ್ಮಕ್ಕಳ ಬಾಯಲ್ಲಿಯೂ ಉಪಾಧ್ಯಾಯರ ನಾಲಗೆ ಉಳಿದಿರುವುದನ್ನು ಕಂಡರೆ, ಪಾಠ ಹೇಳುವ ವೃತ್ತಿಯವರಾದ ನಮಗೆ ಸ್ವಲ್ಪ ಭಯವೂ ಆಗುತ್ತದೆ.

ಅರಬ್ಬರದು ಇದಕ್ಕೆ ವಿಪರೀತ. ಅವರ ಭಾಷೆಯಲ್ಲಿ ಪಕಾರವೇ ಇಲ್ಲ. ‘ಪೆಪ್ಸಿ’ ಅವರಿಗೆ ‘ಬೆಬ್ಸಿ’, ‘ಪಾಕಿಸ್ತಾನ’ವು ‘ಬಾಕಿಸ್ತಾನ್’, ‘ಪಾರ್ಕಿಂಗ್’ ಎಂಬುದು ‘ಬಾರ್ಕಿಂಗ್’. ಮಂಗಳೂರು, ಉಡುಪಿ, ಭಟ್ಕಳಗಳ ಕಡೆಯಿಂದ ಕೊಲ್ಲಿಯ ದೇಶಗಳಿಗೆ ಹೋಗಿ ಬಂದವರಿಗೆ ಇದು ಹೊಸ ಸುದ್ದಿಯಲ್ಲ.

ಚೀನೀಯರ ವಿಷಯದಲ್ಲಿ ಕನ್ನಡಿಗರ ಕಿವಿಗೆ ಒಂದು ವಿಶೇಷ ಅನುಕೂಲವಿದೆ. ಪೇಕಿಂಗಿನ ಭಾಷೆಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದವೇ ಮುಖ್ಯ. ಪಕಾರ ಬಕಾರಗಳ ಭೇದ, ಎಂದರೆ ಅಘೋಷ ಘೋಷಗಳ ಭೇದ, ಇಲ್ಲ. ರೋಮನ್ ಲಿಪಿಯಲ್ಲಿ ‘ಬಿ’ ಎಂದು ಬರೆದಿರುವ ಕಡೆಯಲ್ಲೆಲ್ಲ ಅವರು ನುಡಿಯುವುದು ಅಲ್ಪಪ್ರಾಣದ ಪಕಾರವನ್ನೇ. ಆದುದರಿಂದ ಅವರು ‘ಬ್ಯಾಗ್’ ಎಂದಾಗ ನಮ್ಮ ಕಿವಿಗೆ ‘ಪ್ಯಾಕ್’ ಎಂದಂತೆ ಕೇಳಿಸಬಹುದು. ಪ ಫ ಬ ಭ ಎಂದು ನಾಲ್ಕನ್ನೂ ಬೇರೆ ಬೇರೆಯಾಗಿ ಕಲಿತ ಕಿವಿಯು ಈ ಗುರುತನ್ನು ಬೇಗನೆ ಹಿಡಿಯುತ್ತದೆ. ಇದಲ್ಲದೆ, ಚೀನೀಯರು ಆಡುವ ಮಾತಿನಲ್ಲಿ ‘ಅವನು’ ‘ಅವಳು’ ಎಂಬ ಎರಡಕ್ಕೂ ‘ತಾ’ ಎಂಬ ಒಂದೇ ಧ್ವನಿಯಿದೆ. ಚೀನದ ವೈದ್ಯನು ನಮ್ಮ ಮಗಳ ವಿಷಯವನ್ನು ಹೇಳುತ್ತ ನಡುವೆ ‘ಹೀ’ ಎಂದರೆ, ಬೇರೆ ಯಾವನೋ ರೋಗಿಯ ಮಾತು ಬಂದಿತೆಂದು ಗಾಬರಿಗೊಳ್ಳಬಾರದು.

ಇನ್ನು ಸಂತಾನ, ಎಂದರೆ ಅಕ್ಷರಗಳು ಕೂಡುವ ಬಗೆ. ಇಂಗ್ಲಿಷಿನಲ್ಲಿ ಒಂದೇ ಉಸಿರಿನಲ್ಲಿ ಎರಡು ಮೂರು ವ್ಯಂಜನಗಳು ಒಟ್ಟಿಗೆ ಬರುತ್ತವೆ. ಶಬ್ದದ ಕೊನೆಯಲ್ಲಿಯೂ ವ್ಯಂಜನವೇ ನಿಲ್ಲುತ್ತದೆ. ಬಹುಮಂದಿ ಏಷ್ಯದವರಿಗೆ ಇದು ಕಷ್ಟ. ಈ ಕಷ್ಟದಿಂದ ಪಾರಾಗಲು ಒಂದೊಂದು ಜನಾಂಗವು ಒಂದೊಂದು ಉಪಾಯವನ್ನು ಹಿಡಿದಿದೆ. ಊರನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಸುಳಿವು ಇನ್ನೊಂದಿಲ್ಲ.

ಒಂದನೆಯ ಉಪಾಯವು ಸ್ವರವನ್ನು ಸೇರಿಸುವುದು. ಇದಕ್ಕೆ ನಮ್ಮ ಪ್ರಾತಿಶಾಖ್ಯಗಳಲ್ಲಿ ಸ್ವರಭಕ್ತಿಯೆಂದು ಹೆಸರು. ಯೂರೋಪಿನ ಪಂಡಿತರೂ ಈ ಹೆಸರನ್ನೇ ಇಟ್ಟುಕೊಂಡಿದ್ದಾರೆ. ‘ಸ್ಟ್ರೈಕ್’ ಎಂಬ ಏಕಾಕ್ಷರವು ಜಪಾನೀಯರಲ್ಲಿ ‘ಸುತೊರಾಇಕು’ ಎಂದು ಐದು ಮಾತ್ರೆಗಳಾಗುತ್ತದೆ. ‘ಬಸ್’ ಎಂಬುದು ‘ಬಸು’ ಆಗುತ್ತದೆ. ಇದನ್ನು ಕೇಳಿ ನಗುವ ಮೊದಲು, ಅದನ್ನು ‘ಬಸ್ಸು’ ಎಂದವರು ನಾವೇ ಎಂಬುದನ್ನು ನೆನೆಯಬೇಕು. ಕಾರು, ರೈಲು, ಪೋಸ್ಟು, ಸ್ಕೂಲು ಎಂದು ಕೊನೆಗೊಂದು ಉಕಾರವನ್ನು ಹಚ್ಚಿಯೇ ನಾವು ಆ ಶಬ್ದಗಳನ್ನು ಮನೆಯೊಳಗೆ ಬರಮಾಡಿಕೊಂಡೆವು. ವಾಕ್ ದಿಕ್ ಎಂಬ ಸಂಸ್ಕೃತ ಶಬ್ದಗಳನ್ನೂ ವಾಕ್ಕು ದಿಕ್ಕು ಎಂದು ಹೀಗೆಯೇ ಮಾಡಿದೆವು. ಕೊರಿಯದವರು ಚಕಾರ ಜಕಾರಗಳ ಮುಂದೆ ಇಕಾರವನ್ನು ಸೇರಿಸುತ್ತಾರೆ. ‘ಬೀಚ್’ ಎಂಬುದು ‘ಬಿಚಿ’, ‘ಆರೆಂಜ್’ ಎಂಬುದು ‘ಒರೆಂಜಿ’. ಇರಾನಿನವರು ಸ್ವರವನ್ನು ಮುಂದಕ್ಕೆ ತಂದು ‘ಎಸ್ಕೂಲ್’ ಎನ್ನುತ್ತಾರೆ. ಹಿಂದೀ ಸೀಮೆಯವರದು ‘ಇಸ್ಕೂಲ್’. ಪಂಜಾಬಿನವರು ಅದನ್ನೇ ನಡುವೆ ಸೇರಿಸಿ ‘ಸಕೂಲ್’ ಎನ್ನುತ್ತಾರೆ. ಸಂಸ್ಕೃತದ ‘ಸ್ತ್ರೀ’ ಶಬ್ದವು ಪಾಳಿಯಲ್ಲಿ ‘ಇತ್ಥೀ’ ಆದುದು ಎರಡು ಸಾವಿರ ವರ್ಷಗಳ ಹಿಂದಿನ ಮಾತು. ನಾಲಗೆಯ ನಡೆ ಅಂದಿಗೂ ಇಂದಿಗೂ ಒಂದೇ.

ಎರಡನೆಯ ಉಪಾಯವು ಕೊನೆಯ ವ್ಯಂಜನವನ್ನು ಬದಲಿಸುವುದು. ಥಾಯಿ ಭಾಷೆಯಲ್ಲಿ ಶಬ್ದದ ಕೊನೆಗೆ ರಕಾರ ಲಕಾರಗಳು ನಿಲ್ಲಲಾರವು, ನಕಾರವಾಗುತ್ತವೆ. ಸಕಾರವು ನಿಲ್ಲಲಾರದು, ತಕಾರವಾಗುತ್ತದೆ. ಅವರ ಊಟದ ಮನೆಗಳಲ್ಲಿ ‘ಬಿಲ್’ ಎಂಬುದು ‘ಬಿನ್’; ಆಟದ ಬಯಲಿನಲ್ಲಿ ‘ಟೆನಿಸ್’ ಎಂಬುದು ‘ಥೆನ್ನಿತ್’, ‘ಫುಟ್‌ಬಾಲ್’ ಎಂಬುದು ‘ಫುತ್‌ಬಾನ್’. ಸಂಸ್ಕೃತಜ್ಞರಿಗೆ ಇದರಲ್ಲಿ ಇನ್ನೂ ಹೆಚ್ಚಿನ ರುಚಿಯುಂಟು. ಆ ಭಾಷೆಯು ನಮ್ಮ ನೂರಾರು ಶಬ್ದಗಳನ್ನು ಅಕ್ಷರ ತಪ್ಪದೆ ಬರೆದಿಟ್ಟುಕೊಂಡು ತನ್ನ ನಿಯಮದಂತೆ ಓದುತ್ತದೆ. ‘ಆಹಾರ’ವೆಂದು ಬರೆದು ‘ಆಹಾನ್’ ಎನ್ನುತ್ತಾರೆ. ‘ನಗರ’ವೆಂದು ಬರೆದು ‘ನಖೊನ್’ ಎನ್ನುತ್ತಾರೆ. ಬ್ಯಾಂಕಾಕಿನಲ್ಲಿ ೨೦೦೬ರಲ್ಲಿ ತೆರೆದ ವಿಮಾನನಿಲ್ದಾಣದ ಹೆಸರು ‘ಸುವರ್ಣಭೂಮಿ’. ಅಲ್ಲಿಯವರ ಬಾಯಲ್ಲಿ ಅದು ‘ಸುವನ್ನಫೂಮ್’. ‘ನಗರ’ವನ್ನು ‘ನಖೊನ್’ ಮಾಡಿದ ನಿಯಮವೇ ‘ಬಿಲ್’ ಎಂಬುದನ್ನು ‘ಬಿನ್’ ಮಾಡಿದುದು. ಪಾಣಿನಿಯ ಭಾಷೆಯಲ್ಲಿಯೂ ಪದಾಂತದಲ್ಲಿ ಎಲ್ಲ ವ್ಯಂಜನಗಳಿಗೂ ಸ್ಥಾನವಿರಲಿಲ್ಲ. ‘ವಾಚ್’ ಎಂಬುದು ‘ವಾಕ್’ ಆಗಿಯೇ ನಿಲ್ಲಬೇಕಾಗಿತ್ತು.

ಮೂರನೆಯ ಉಪಾಯವು ಬಿಟ್ಟುಬಿಡುವುದು. ವಿಯೆಟ್ನಾಮಿನವರ ಭಾಷೆಯಲ್ಲಿ ಶಬ್ದದ ಕೊನೆಗೆ ಒಂದಕ್ಕಿಂತ ಹೆಚ್ಚು ವ್ಯಂಜನಗಳು ಬರುವುದಿಲ್ಲ. ಸಕಾರವಂತೂ ಬರುವುದೇ ಇಲ್ಲ. ‘ನೈಸ್’ ಎಂಬುದು ‘ನೈ’ ಆಗಬಹುದು, ‘ಫೈವ್’ ಎಂಬುದು ‘ಫೈ’. ನಮ್ಮ ವ್ಯಾಕರಣದಲ್ಲಿ ಇಂತಹದಕ್ಕೆ ಸಂಯೋಗಾಂತಲೋಪವೆಂದು ಹೆಸರಿದೆ. ಇದರಿಂದ ಒಂದು ವ್ಯವಹಾರದ ತೊಡಕುಂಟು. ಇಂಗ್ಲಿಷಿನಲ್ಲಿ ಬಹುವಚನವೂ ಭೂತಕಾಲವೂ ಶಬ್ದದ ಕೊನೆಯ ಆ ಒಂದು ವ್ಯಂಜನದಲ್ಲಿಯೇ ಇರುತ್ತವೆ. ಅದು ಕೇಳಿಸದೆ ಹೋದರೆ, ವೈದ್ಯರಿಗೆ ದೂರವಾಣಿ ಮಾಡಿಯಾಯಿತೋ ಇನ್ನು ಮೇಲೆ ಮಾಡುವರೋ ತಿಳಿಯದು. ಅಂತಹ ಸಂದರ್ಭದಲ್ಲಿ ‘ಯಾವಾಗ?’ ಎಂಬ ಒಂದು ಪ್ರಶ್ನೆಯಿಂದ ತೊಡಕು ಬಿಡುತ್ತದೆ.

ಕೊರಿಯದವರಲ್ಲಿ ಸಂಧಿಯ ಇನ್ನೊಂದು ಚಮತ್ಕಾರವುಂಟು. ವಾಕ್ ಎಂಬುದಕ್ಕೆ ಮಯ ಎಂಬುದು ಸೇರಿ ವಾಙ್ಮಯವಾಗುವುದನ್ನೂ, ಜಗತ್ ಎಂಬುದಕ್ಕೆ ನಾಥ ಎಂಬುದು ಸೇರಿ ಜಗನ್ನಾಥನಾಗುವುದನ್ನೂ ನಾವು ಬಾಲ್ಯದಲ್ಲಿಯೇ ಓದಿದ್ದೇವೆ. ಅದೇ ಸಂಧಿಯು ಕೊರಿಯದ ಭಾಷೆಯಲ್ಲಿ ನಿತ್ಯವೂ ನಡೆಯುತ್ತದೆ. ಆ ಅಭ್ಯಾಸವು ಇಂಗ್ಲಿಷಿಗೂ ಬರುತ್ತದೆ. ‘ಗುಡ್ ಮಾರ್ನಿಂಗ್’ ಎಂಬುದು ‘ಗುನ್ ಮಾರ್ನಿಂಗ್’ ಎಂದು ಕೇಳಿದರೆ, ಆಡಿದವರು ಕೊರಿಯದವರಿರಬಹುದೆಂದು ಊಹಿಸಲು ಅಡ್ಡಿಯಿಲ್ಲ.

ಮುಂದೆ ಸ್ವರವೂ ಮಾತ್ರೆಯೂ. ವೇದದಲ್ಲಿ ಉದಾತ್ತ ಅನುದಾತ್ತ ಸ್ವರಿತಗಳು ಅರ್ಥವನ್ನೇ ಬದಲಿಸಬಲ್ಲವೆಂಬುದಕ್ಕೆ ‘ಇಂದ್ರಶತ್ರು’ ಎಂಬ ಶಬ್ದದ ಕಥೆಯನ್ನು ಹಿರಿಯರು ಹೇಳುತ್ತಾರೆ. ಇಂದ್ರನನ್ನು ಕೊಲ್ಲುವವನು ಹುಟ್ಟಲೆಂದು ಹೋಮ ಮಾಡಿದ ತ್ವಷ್ಟೃವು ಸ್ವರವನ್ನು ತಪ್ಪಿ ನುಡಿದುದರಿಂದ, ಇಂದ್ರನಿಂದ ಕೊಲ್ಲಲ್ಪಡತಕ್ಕವನು ಹುಟ್ಟಿದನಂತೆ. ಪೂರ್ವದೇಶಗಳಲ್ಲಿ ಈ ಸ್ಥಿತಿಯು ದಿನದಿನದ ಮಾತಿನಲ್ಲಿದೆ. ಪೇಕಿಂಗಿನ ಭಾಷೆಗೆ ನಾಲ್ಕು ಸ್ವರಗಳು, ಥಾಯಿ ಭಾಷೆಗೆ ಐದು, ಉತ್ತರ ವಿಯೆಟ್ನಾಮಿನ ಭಾಷೆಗೆ ಆರು. ಚೀನದಲ್ಲಿ ‘ಮಾ’ ಎಂಬ ಒಂದೇ ಅಕ್ಷರವು ಸ್ವರಭೇದದಿಂದ ತಾಯಿಯೂ ಆಗುತ್ತದೆ, ಕುದುರೆಯೂ ಆಗುತ್ತದೆ. ಹೀಗೆ ಅಕ್ಷರಕ್ಕೊಂದು ಸ್ವರವನ್ನಿಟ್ಟು ಬಳಸಿದವರು ಇಂಗ್ಲಿಷನ್ನಾಡುವಾಗ, ಆ ಭಾಷೆಯಲ್ಲಿ ವಾಕ್ಯದುದ್ದಕ್ಕೂ ಹರಿಯಬೇಕಾದ ಏರಿಳಿತವು ಅಕ್ಷರ ಅಕ್ಷರಕ್ಕೂ ತುಂಡಾಗಿ ಕೇಳಿಸುತ್ತದೆ. ಜಪಾನೀಯರಲ್ಲಿ ಮಾತ್ರೆಯೇ ಪ್ರಧಾನ. ಅವರಲ್ಲಿ ‘ಬೀರು’ ಎಂದರೆ ಕುಡಿಯುವ ಬಿಯರು, ‘ಬಿರು’ ಎಂದರೆ ದೊಡ್ಡ ಕಟ್ಟಡ. ಮೊದಲನೆಯದು ಡಚ್ಚರ ಭಾಷೆಯಿಂದಲೂ ಎರಡನೆಯದು ಇಂಗ್ಲಿಷಿನಿಂದಲೂ ಹೋದ ಶಬ್ದಗಳು. ಲಘು ಗುರುಗಳ ಲೆಕ್ಕವನ್ನು ಬಲ್ಲ ಕನ್ನಡಿಗನಿಗೆ ಇದು ಸುಲಭವಾಗಿ ತಿಳಿಯುತ್ತದೆ.

ಬಲ ಮತ್ತು ಸಾಮ ಎಂಬ ಎರಡನ್ನೂ ಒಟ್ಟಿಗೆ ನೋಡಬೇಕು. ಇಂಗ್ಲಿಷು ಮಾತೃಭಾಷೆಯಾದವರು ಶಬ್ದದ ಒಂದು ಭಾಗವನ್ನು ಬಲವಾಗಿ ಒತ್ತಿ, ಉಳಿದವನ್ನು ತೇಲಿಸಿಬಿಡುತ್ತಾರೆ. ‘ಫೋಟೋಗ್ರಾಫ್’ ಎಂಬಲ್ಲಿ ಒತ್ತು ಮೊದಲಿಗೆ. ‘ಫೊಟಾಗ್ರಫಿ’ ಎಂದೊಡನೆ ಅದು ಎರಡನೆಯದಕ್ಕೆ ಜಾರುತ್ತದೆ. ನಮ್ಮ ದೇಶದವರು, ಸಿಂಗಪುರದವರು, ಫಿಲಿಪೀನ್ಸಿನವರು ಬಹುಮಟ್ಟಿಗೆ ಎಲ್ಲ ಅಕ್ಷರಗಳಿಗೂ ಸಮನಾದ ತೂಕವನ್ನು ಕೊಡುತ್ತಾರೆ. ಶಿಕ್ಷಾಶಾಸ್ತ್ರದ ಸಾಮಗುಣವು ಇದೇ. ಆದರೆ ಇಂಗ್ಲಿಷಿನಲ್ಲಿ ಗುಣವೇ ತೊಡಕಾಗುತ್ತದೆ. ‘ಫಿಫ್ಟೀನ್’ ಎಂಬಲ್ಲಿ ಒತ್ತು ಕೊನೆಗೆ, ‘ಫಿಫ್ಟಿ’ ಎಂಬಲ್ಲಿ ಮೊದಲಿಗೆ. ಆಡುವವರು ಎರಡಕ್ಕೂ ಸಮನಾದ ತೂಕವನ್ನಿಟ್ಟು, ಕೊನೆಯ ನಕಾರವನ್ನು ಮೆಲ್ಲಗೆ ನುಡಿದರೆ, ಹದಿನೈದು ಯಾವುದು ಐವತ್ತು ಯಾವುದು ಎಂದು ತಿಳಿಯುವುದು ಹೇಗೆ? ಸಿಂಗಪುರದವರನ್ನು ಗುರುತಿಸಲು ಇನ್ನೊಂದು ಸುಳಿವುಂಟು: ವಾಕ್ಯದ ಕೊನೆಗೆ ‘ಲಾ’ ಎಂದು ಸೇರಿಸುವುದು, ನಾವು ‘ಕಣಯ್ಯಾ’ ಎನ್ನುವಂತೆ. ೨೦೦೦ದಲ್ಲಿ ಅಲ್ಲಿಯ ಸರಕಾರವು ಒಳ್ಳೆಯ ಇಂಗ್ಲಿಷನ್ನಾಡಿರೆಂದು ಒಂದು ಚಳವಳಿಯನ್ನೇ ಆರಂಭಿಸಿತು. ‘ಲಾ’ ಮಾತ್ರ ಹೋಗಲಿಲ್ಲ.

ಅನ್ಯರನ್ನು ಕುರಿತು ಇಷ್ಟು ಹೇಳಿದ ಮೇಲೆ ನಮ್ಮನ್ನು ಬಿಡುವುದು ನ್ಯಾಯವಲ್ಲ. ಕನ್ನಡಿಗರ ಬಾಯಲ್ಲಿ ‘ಎಗ್’ ಎಂಬುದು ‘ಯೆಗ್’, ‘ಓನ್ಲಿ’ ಎಂಬುದು ‘ವೋನ್ಲಿ’. ವಂಗದೇಶದವರು ‘ವೆರಿ’ ಎಂಬುದನ್ನು ‘ಭೆರಿ’ ಎನ್ನುತ್ತಾರೆ. ಗುಜರಾತಿನವರಲ್ಲಿ ‘ಹಾಲ್’ ಎಂ­ಬುದು ‘ಹೋಲ್’ ಆಗುವುದುಂಟು. ಇಂಗ್ಲಿಷಿನ ‘ಟಿ’, ‘ಡಿ’ ಎಂಬ ಅಕ್ಷರಗಳನ್ನು ನಾವೆಲ್ಲರೂ ನಾಲಗೆಯನ್ನು ಮಡಿಸಿ ಮೂರ್ಧನ್ಯವಾಗಿ ನುಡಿಯುತ್ತೇವೆ. ಪರದೇಶದವರು ಹಿಂದೂಸ್ಥಾನದವರನ್ನು ಒಂದೇ ವಾಕ್ಯದಲ್ಲಿ ಗುರುತಿಸುವುದು ಈ ಟಕಾರ ಡಕಾರಗಳಿಂದಲೇ.

ಹಾಗಾದರೆ ಇದೆಲ್ಲವೂ ನಾಲಗೆಯ ಸೋಮಾರಿತನವೋ? ಅಲ್ಲ, ಇದು ಕಿವಿಯ ಸಂಸ್ಕಾರ. ಕೆನಡ ದೇಶದಲ್ಲಿ ಜ್ಯಾನೆಟ್ ವೆರ್ಕರ್, ರಿಚರ್ಡ್ ಟೀಸ್ ಎಂಬ ಇಬ್ಬರು ವಿದ್ವಾಂಸರು ೧೯೮೪ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಹಿಂದೀ ಭಾಷೆಯ ಟಕಾರ ತಕಾರಗಳ ಭೇದವನ್ನು ಇಂಗ್ಲಿಷು ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಗುರುತಿಸಿದವು. ಹತ್ತು ಹನ್ನೆರಡು ತಿಂಗಳಾಗುವಷ್ಟರಲ್ಲಿ ಆ ಶಕ್ತಿಯು ಬಹುಮಟ್ಟಿಗೆ ಅಡಗಿಹೋಗಿತ್ತು. ಪೆಟ್ರೀಷಿಯ ಕೂಲ್ ಎಂಬವರೂ ಅವರ ಜೊತೆಯವರೂ ೨೦೦೬ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ, ಜಪಾನಿನ ಕೂಸುಗಳೂ ಅಮೆರಿಕದ ಕೂಸುಗಳೂ ಆರೆಂಟು ತಿಂಗಳಲ್ಲಿ ರಲಗಳ ಭೇದವನ್ನು ಸಮನಾಗಿ ಅರಿತವು. ವರ್ಷ ತುಂಬುವ ಹೊತ್ತಿಗೆ ಜಪಾನಿನವು ಹಿಂದುಳಿದವು. ತೊಟ್ಟಿಲಿನಲ್ಲಿರುವಾಗ ಎಲ್ಲ ಕೂಸುಗಳ ಕಿವಿಯೂ ಎಲ್ಲ ಭಾಷೆಗಳಿಗೂ ತೆರೆದಿರುತ್ತದೆ. ತಾಯಿಯ ಮಾತು ಬಲಿಯುತ್ತ ಬಂದಂತೆ ಉಳಿದ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಜಪಾನಿನ ಮುದುಕನಿಗೆ ರಲಗಳು ಹೇಗೋ, ಇಂಗ್ಲೆಂಡಿನ ಮುದುಕನಿಗೆ ಟಕಾರ ತಕಾರಗಳು ಹಾಗೆಯೇ. ಯಾರೂ ಯಾರನ್ನೂ ನೋಡಿ ನಗುವಂತಿಲ್ಲ.

ನಗುವುದು ಬಹಳ ಹಳೆಯ ಅಭ್ಯಾಸ. ಪತಂಜಲಿಯ ಮಹಾಭಾಷ್ಯದ ಆರಂಭದಲ್ಲಿ, ಅಸುರರು ‘ಅರಿಗಳಿರಾ’ ಎಂದು ಕೂಗುವಾಗ ರಕಾರಕ್ಕೆ ಲಕಾರವನ್ನು ನುಡಿದು ಸೋತುಹೋದರೆಂಬ ಕಥೆ ಬರುತ್ತದೆ. ಆದರೆ ಅಶೋಕ ಚಕ್ರವರ್ತಿಯು ಪೂರ್ವಪ್ರಾಂತಗಳಲ್ಲಿ ಕೆತ್ತಿಸಿದ ಶಾಸನಗಳಲ್ಲಿ ‘ರಾಜಾ’ ಎಂಬುದಕ್ಕೆ ‘ಲಾಜಾ’ ಎಂದೇ ಇದೆ. ಅಂತಹ ದೊಡ್ಡ ರಾಜ್ಯವನ್ನಾಳಿದವನಿಗೆ ಲಕಾರವು ಅಡ್ಡಬರಲಿಲ್ಲ.

ನಗೆಯು ನಗೆಯಾಗಿಯೇ ನಿಂತಿದ್ದರೆ ಚಿಂತೆಯಿರಲಿಲ್ಲ. ೧೯೨೩ನೆಯ ಸೆಪ್ಟೆಂಬರ್ ೧ರಂದು ಜಪಾನಿನ ಟೋಕಿಯೋ, ಯೋಕೊಹಾಮ ನಗರಗಳಲ್ಲಿ ಮಹಾ ಭೂಕಂಪವಾಯಿತು. ಕೊರಿಯದವರು ಬಾವಿಗಳಿಗೆ ವಿಷ ಹಾಕುತ್ತಿದ್ದಾರೆಂಬ ಸುಳ್ಳು ಸುದ್ದಿಯು ಹಬ್ಬಿತು. ದೊಣ್ಣೆ ಕತ್ತಿಗಳನ್ನು ಹಿಡಿದ ಜನರು ದಾರಿಗಳನ್ನು ಕಟ್ಟಿ ನಿಂತು, ಬಂದವರನ್ನೆಲ್ಲ ತಡೆದು, ಹದಿನೈದು ಯೆನ್ ಐವತ್ತು ಸೆನ್ ಎಂಬ ಮೊತ್ತವನ್ನು ಜಪಾನೀ ಭಾಷೆಯಲ್ಲಿ ‘ಜೂಗೊ ಎನ್ ಗೊಜಿಸ್ಸೆನ್’ ಎಂದು ಹೇಳಿಸಿದರು. ಕೊರಿಯದ ಭಾಷೆಯಲ್ಲಿ ಶಬ್ದದ ಆದಿಯಲ್ಲಿ ಘೋಷಾಕ್ಷರವು ನಿಲ್ಲುವುದಿಲ್ಲ. ಜಕಾರವು ಚಕಾರದಂತೆಯೂ ಗಕಾರವು ಕಕಾರದಂತೆಯೂ ಆಗುತ್ತದೆ. ಹಾಗೆ ನುಡಿದವರನ್ನು ಅಲ್ಲಿಯೇ ಕೊಂದರು. ಸತ್ತ ಕೊರಿಯದವರು ಸಾವಿರಾರು ಮಂದಿ. ಚೀನೀಯರೂ, ದೂರದ ಪ್ರಾಂತಗಳ ಉಚ್ಚಾರವುಳ್ಳ ಜಪಾನೀಯರೇ ಕೆಲವರೂ ಹಾಗೆಯೇ ಸತ್ತರು. ಉಚ್ಚಾರದಿಂದ ಊರನ್ನರಿಯುವ ವಿದ್ಯೆಯು ಕೆಟ್ಟವರ ಕೈಗೆ ಸಿಕ್ಕಿದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಘೋರವಾದ ನಿದರ್ಶನವು ಬೇಡ.

ಈ ವಿದ್ಯೆಯಲ್ಲಿ ಮೋಸವೂ ಉಂಟು. ಕಣ್ಣು ಕಿವಿಯನ್ನು ಕೆಡಿಸುತ್ತದೆ. ಡೊನಾಲ್ಡ್ ರೂಬಿನ್ ಎಂಬ ಅಮೆರಿಕದ ವಿದ್ವಾಂಸರು ೧೯೯೨ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿರಿ. ಇಂಗ್ಲಿಷು ಮಾತೃಭಾಷೆಯಾಗಿದ್ದ ಒಬ್ಬ ಅಮೆರಿಕದ ಹೆಂಗಸಿನ ಉಪನ್ಯಾಸವನ್ನು ಮುದ್ರಿಸಿಕೊಂಡು, ಅದನ್ನೇ ವಿದ್ಯಾರ್ಥಿಗಳ ಎರಡು ಗುಂಪುಗಳಿಗೆ ಕೇಳಿಸಿದರು. ಒಂದು ಗುಂಪಿಗೆ ಬಿಳಿಯ ಹೆಂಗಸಿನ ಚಿತ್ರವನ್ನೂ, ಇನ್ನೊಂದಕ್ಕೆ ಏಷ್ಯದ ಹೆಂಗಸಿನ ಚಿತ್ರವನ್ನೂ ತೋರಿಸಿದರು. ಏಷ್ಯದ ಮುಖವನ್ನು ಕಂಡವರಿಗೆ ಆ ಮಾತಿನಲ್ಲಿ ಪರದೇಶದ ಉಚ್ಚಾರವು ಕೇಳಿಸಿತು. ಉಪನ್ಯಾಸದ ವಿಷಯವೂ ಅವರಿಗೆ ಕಡಮೆಯಾಗಿ ತಿಳಿಯಿತು. ಧ್ವನಿಯು ಒಂದೇ, ಮಾತು ಒಂದೇ. ಆದುದರಿಂದ, ಕ್ಯಾಲಿಫೋರ್ನಿಯದಲ್ಲಿ ಹುಟ್ಟಿ ಬೆಳೆದ ಕೊರಿಯದ ಹುಡುಗನ ಬಾಯಲ್ಲಿ ಕೊರಿಯದ ಉಚ್ಚಾರವನ್ನು ಹುಡುಕುವುದು ವ್ಯರ್ಥ. ನಮ್ಮ ಮೊಮ್ಮಕ್ಕಳ ಬಾಯಲ್ಲಿ ಮೂರ್ಧನ್ಯ ಟಕಾರವನ್ನು ಅಲ್ಲಿಯವರು ಹುಡುಕಿದರೆ ಅದೂ ವ್ಯರ್ಥವೇ.

ಈಗ ವ್ಯವಹಾರಕ್ಕೆ ಬೇಕಾದ ನಾಲ್ಕು ಮಾತುಗಳು. ಒಂದು ಗುರುತಿನಿಂದ ನಿರ್ಣಯಕ್ಕೆ ಬರಬಾರದು. ರಲಗಳು ಕಲೆತರೆ ಜಪಾನೀಯರೂ ಇರಬಹುದು, ಥಾಯಿಗಳೂ ಇರಬಹುದು. ಜೊತೆಗೆ ಶಬ್ದದ ಕೊನೆಯನ್ನು ಕೇಳಬೇಕು: ಉಕಾರವು ಸೇರಿದರೆ ಜಪಾನು, ನಕಾರವಾದರೆ ಥಾಯಿ, ಲೋಪವಾದರೆ ವಿಯೆಟ್ನಾಮು ಎಂದು ಊಹೆಯು ಬಲಗೊಳ್ಳುತ್ತದೆ. ಊಹೆಯಾದ ಮೇಲೆ ಅದನ್ನು ಬಾಯಿಬಿಟ್ಟು ಹೇಳುವ ಅವಸರ ಬೇಡ, ‘ನೀವು ಚೀನದವರಲ್ಲವೆ?’ ಎಂದು ಕೊರಿಯದವರನ್ನು ಕೇಳಿ ಮನಸ್ಸು ನೋಯಿಸುವುದಕ್ಕಿಂತ, ಪರಿಚಯವಾದ ಮೇಲೆ ಅವರೇ ಹೇಳುವವರೆಗೆ ಕಾಯುವುದು ಲೇಸು. ಅಂಕಿಗಳ ವಿಷಯದಲ್ಲಿ ಮಾತ್ರ ಸಂಕೋಚ ಕೂಡದು: ‘ಒಂದು, ಐದು’ ಎಂದೋ ‘ಐದು, ಸೊನ್ನೆ’ ಎಂದೋ ಅಂಕೆಗಳನ್ನು ಬಿಡಿಬಿಡಿಯಾಗಿ ಹೇಳಿಸಬೇಕು, ಮದ್ದಿನ ಅಳತೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು. ನಮ್ಮ ಮಾತನ್ನೂ ಅವರಿಗೆ ನಿಧಾನವಾಗಿ, ಶಬ್ದಗಳನ್ನು ಬಿಡಿಸಿ ಹೇಳಬೇಕು; ನಮ್ಮ ಟಕಾರ ಡಕಾರಗಳು ಅವರಿಗೂ ಹೊಸವು.

‘ಜ್ಞಾನ’ ಎಂಬ ಶಬ್ದವನ್ನೇ ನೋಡಿರಿ. ಹಿಂದೀ ಸೀಮೆಯವರು ‘ಗ್ಯಾನ್’ ಎನ್ನುತ್ತಾರೆ, ಮಹಾರಾಷ್ಟ್ರದವರು ‘ದ್ನ್ಯಾನ’ ಎನ್ನುತ್ತಾರೆ, ನಾವು ‘ಗ್ನಾನ’ ಎನ್ನುತ್ತೇವೆ. ಕಾಶಿಯಲ್ಲಿ ಮೂವರೂ ಒಂದೇ ಸಭೆಯಲ್ಲಿ ಕುಳಿತು ಶಾಸ್ತ್ರಾರ್ಥವನ್ನು ಮಾಡಿದರು; ಉಚ್ಚಾರ ಬೇರೆಯೆಂದು ಯಾರ ಜ್ಞಾನವೂ ಕಡಮೆಯೆನಿಸಲಿಲ್ಲ. ಮನೆಯಲ್ಲಿ ಮಕ್ಕಳು ಪರದೇಶದವರ ಮಾತನ್ನು ಅಣಕಿಸತೊಡಗಿದಾಗ ಹಿರಿಯರು ಈ ದೃಷ್ಟಾಂತವನ್ನು ಅವರಿಗೆ ಹೇಳಬಹುದು.

ಕಡೆಯದಾಗಿ, ಕನ್ನಡಿಗರು ಅನ್ಯರಿಗೆ ತೋರಿಸಬಹುದಾದ ಒಂದು ಸಣ್ಣ ಮರ್ಯಾದೆಯುಂಟು. ಕ ಖ ಗ ಘ ಎಂದ ಮೇಲೆ ಬರುವ ಙಕಾರವನ್ನು ನಾವೆಲ್ಲರೂ ಒಂದನೆಯ ತರಗತಿಯಲ್ಲಿ ಉರುಹೊಡೆದು, ಶಬ್ದದ ಆದಿಯಲ್ಲಿ ಎಂದೂ ಬಳಸದೆ ಬಿಟ್ಟಿದ್ದೇವೆ. ವಿಯೆಟ್ನಾಮಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಮನೆತನದ ಹೆಸರು ಆ ಅಕ್ಷರದಿಂದಲೇ ಆರಂಭವಾಗುತ್ತದೆ. ಅದು ‘ಙುಯೆನ್’ ಎಂಬುದು. ಇಂಗ್ಲಿಷು ನಾಲಗೆಗೆ ಅದು ಎಟುಕದೆ ನಾನಾ ವಿಧವಾಗಿ ತಿರುಚಿಹೋಗಿದೆ. ಔಷಧದಂಗಡಿಯಾತನು ಆ ಮನೆತನದವನಾಗಿದ್ದರೆ, ಅವನ ಹೆಸರನ್ನು ನಾವು ಆ ಙಕಾರದಿಂದಲೇ ಒಮ್ಮೆ ನೆಟ್ಟಗೆ ಕರೆದುನೋಡಬೇಕು. ಮದ್ದಿನ ಹನಿ ಎಷ್ಟೆಂಬುದನ್ನು ಎರಡನೆಯ ಸಲ ಕೇಳಿದರೂ ಆತನು ಬೇಸರಪಡದೆ, ಒಂದೊಂದು ಅಂಕಿಯನ್ನೂ ಬಿಡಿಸಿ ಹೇಳುವನು.